ಷರಾ ಕಾಲಮಿನಲ್ಲಿ ಸಿಕ್ಕ ನರಸಮ್ಮ

ನಮ್ಮ ನೀರಿನ ಒಕ್ಕೂಟವು ಕಳೆದ ವರ್ಷ ಒಂದು ಸ್ಮರಣ ಸಂಚಿಕೆಯನ್ನು ಹೊರತಂದಿತು. ಹೊಳಪಿನ ಕಾಗದ, ಮೊದಲ ಹತ್ತು ಪುಟಗಳಲ್ಲಿ ಅಧ್ಯಕ್ಷರು, ಹನ್ನೊಂದನೆಯ ಪುಟದಿಂದ ಮುಂದೆ ನೀರು. ಅದರಲ್ಲಿ ನನ್ನ ಕೆಲಸದ ಬಗ್ಗೆಯೂ ಅರ್ಧ ಪುಟವಿದೆ. ಅದರ ಮೊದಲ ವಾಕ್ಯ: "ನುರಿತ ತಜ್ಞರ ತಂಡವು ರೂಪಿಸಿದ ಸುಭದ್ರ ಮೊಬೈಲ್ ವ್ಯವಸ್ಥೆಯು ಚಿಂಚೋಳಿ ಭಾಗದ ನರಸಮ್ಮ ಎಂಬ ಶ್ರಮಜೀವಿಯನ್ನು ಗುರುತಿಸಿ ನ್ಯಾಯ ಒದಗಿಸಿತು."

ಈ ವಾಕ್ಯದಲ್ಲಿ ನರಸಮ್ಮ ಎಂಬ ಹೆಸರೊಂದೇ ನಿಜ. ತಂಡವೆಂದರೆ ನಾನು ಮತ್ತು ಅನ್ವರ್, ಇಬ್ಬರೇ. ನುರಿತವರೆಂಬುದು ನಮ್ಮಿಬ್ಬರಿಗೂ ಹೊಸ ಸುದ್ದಿ. ಸುಭದ್ರ ಎಂಬುದರ ಕಥೆ ಮುಂದೆ ಬರುತ್ತದೆ. ಇನ್ನು "ಗುರುತಿಸಿತು" ಎಂಬುದಂತೂ ಶುದ್ಧ ಸುಳ್ಳು. ನಾನು ಕಟ್ಟಿದ ವ್ಯವಸ್ಥೆ ಆಕೆಯನ್ನು ನಾಲ್ಕು ವರ್ಷ ಅಚ್ಚುಕಟ್ಟಾಗಿ ಮುಚ್ಚಿಟ್ಟಿತ್ತು. ಆಕೆ ದಿನನಿತ್ಯ ಮಾಡುತ್ತಿದ್ದ ಕೆಲಸ ಆಕೆಯ ಕೈಬಿಟ್ಟು ಹೋಗುವ ಹಂತಕ್ಕೆ ಬಂದದ್ದು ನನ್ನ ಜಾಣತನದಿಂದ, ಉಳಿದದ್ದು ನನ್ನ ಮರೆವಿನಿಂದ. ಈ ಉದ್ಯೋಗಕ್ಕೆ ಹೊಸದಾಗಿ ಬರುವವರು ಸಂಚಿಕೆಯನ್ನು ಓದಿ ಮೋಸಹೋಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಶಹಾಬಾದಿನವನು. ಹತ್ತನೆಯ ತರಗತಿಯ ನಂತರ ಶಾಲೆಯೂ ನಾನೂ ಪರಸ್ಪರ ಸಮ್ಮತಿಯಿಂದ ಬೇರೆಯಾದೆವು. ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವ ಅಂಗಡಿಯಲ್ಲಿ ಕೆಲವು ವರ್ಷ ಕಳೆದು, ಒಕ್ಕೂಟದ ಪಂಪ್‌ಹೌಸಿಗೆ ಸೇರಿದೆ. ಸೇಡಂನ ಕಚೇರಿಗೆ ಒಂದು ಕಂಪ್ಯೂಟರ್ ಬಂದಿತ್ತು. ಪೂಜೆ ಮಾಡಿ, ಹಾರ ಹಾಕಿ, ಆ ಹಾರ ಒಣಗಿ ಉದುರುವವರೆಗೆ ಯಾರೂ ಅದನ್ನು ಮುಟ್ಟಲಿಲ್ಲ. ನಾನು ಮುಟ್ಟಿದೆ. ಪ್ರೋಗ್ರಾಮಿಂಗ್ ಕಲಿತದ್ದು ರದ್ದಿ ಅಂಗಡಿಯ ಪುಸ್ತಕಗಳಿಂದ. ಅಂಥ ಪುಸ್ತಕಗಳಲ್ಲಿ ಕೊನೆಯ ಪುಟಗಳು ಹರಿದಿರುತ್ತವೆ. ಭದ್ರತೆಯ ಅಧ್ಯಾಯವನ್ನು ಬರೆಯುವವರು ಯಾವಾಗಲೂ ಕೊನೆಗೇ ಇಡುತ್ತಾರೆ. ನನ್ನ ಅರ್ಧ ತಪ್ಪುಗಳಿಗೆ ಇದೇ ಕಾರಣ. ಉಳಿದರ್ಧಕ್ಕೆ ನನ್ನ ಹಟವೇ ಸಾಕು.

ಒಕ್ಕೂಟದ ಕೆಲಸ ಸರಳವಾದದ್ದು. ಪ್ರತಿ ಊರಿನಲ್ಲೂ ನೀರಿನ ಟಾಕಿ, ಟಾಕಿಗೆ ಒಂದು ವಾಲ್ವ್, ವಾಲ್ವ್ ತಿರುಗಿಸಿ ಊರಿಗೆ ನೀರು ಬಿಡುವುದಕ್ಕೆ ಒಬ್ಬ ವಾಲ್‌ಮನ್. ಅವನು ಎಷ್ಟು ಹೊತ್ತಿಗೆ ನೀರು ಬಿಟ್ಟ, ಟಾಕಿ ಎಷ್ಟು ತುಂಬಿತ್ತು, ಬ್ಲೀಚಿಂಗ್ ಪುಡಿ ಹಾಕಿದನೇ ಎಂಬುದನ್ನು ಒಂದು ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ತಿಂಗಳ ಕೊನೆಯ ದಿನ ಇಡೀ ತಿಂಗಳನ್ನು ಒಂದೇ ಪೆನ್ನಿನಿಂದ, ಒಂದೇ ಸಲ ಕುಳಿತು ಬರೆಯುವ ಪದ್ಧತಿ ರೂಢಿಯಲ್ಲಿತ್ತು. ಒಮ್ಮೆ ಫೆಬ್ರವರಿ ಮೂವತ್ತರಂದೂ ನೀರು ಬಿಟ್ಟದ್ದು ದಾಖಲಾದಾಗ, ಕಾರ್ಯದರ್ಶಿ ದೇಸಾಯಿ ಸಾಹೇಬರು ನನ್ನನ್ನು ಕರೆಸಿದರು.

"ವೀರಣ್ಣ, ಈಗ ಎಲ್ಲಾ ಮೊಬೈಲ್‌ನಾಗ ಬರ್ಲಿಕತ್ತದ. ನಮ್ದೂ ಒಂದು ಬರ್ಲಿ."

ಇದೇ ನಮ್ಮ ಯೋಜನಾ ವರದಿ. ಇದಕ್ಕಿಂತ ದೀರ್ಘವಾದದ್ದು ನನಗೆ ಯಾರೂ ಕೊಡಲಿಲ್ಲ. ಫೋನಿನೊಳಗಿನ ಆ್ಯಪ್ ಮಾಡುವುದಕ್ಕೆ ವಾಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಅನ್ವರ್‌ನನ್ನು ಹಿಡಿದು ತಂದೆ. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವನು. ನನ್ನನ್ನು ಚಾಚಾ ಎಂದು ಕರೆದು ಚೆನ್ನಾಗಿ ಬೈಯುತ್ತಿದ್ದ. ಸರ್ವರಿನ ಪಾಲು ನನ್ನದು. ಫೋನುಗಳು ಕಳಿಸುವ ಚೀಟಿಗಳನ್ನು ಪಡೆದು, ಒಳಗಿನ ಕಪಾಟಿನಲ್ಲಿಟ್ಟು, ಕೇಳಿದವರಿಗೆ ಕೇಳಿದ್ದನ್ನು ತೆಗೆದುಕೊಡುವ ಖಿಡಕಿಯೊಂದನ್ನು ಕಟ್ಟಬೇಕಿತ್ತು. ಈ ಖಿಡಕಿಗೆ ಎಪಿಐ ಎಂದು ಹೆಸರು. ತಹಶೀಲ್ ಕಚೇರಿಯ ಖಿಡಕಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇದು ಊಟಕ್ಕೆ ಏಳುವುದಿಲ್ಲ.

ಮೊದಲು ನಾನು ಕಟ್ಟಿದ ಖಿಡಕಿಗೆ ಕಾವಲೇ ಇರಲಿಲ್ಲ. ವಿಳಾಸ ಗೊತ್ತಿದ್ದವರು ಯಾರಾದರೂ ಬಂದು ಏನನ್ನಾದರೂ ಬರೆಸಿ ಹೋಗಬಹುದಿತ್ತು. "ನಮ್ಮ ವಾಲ್ವಿನ ಮೇಲೆ ಯಾರ ಕಣ್ಣು ಬೀಳುತ್ತದೆ" ಎಂಬುದು ನನ್ನ ವಾದ. ಚಿತ್ತಾಪುರದ ಉಪನ್ಯಾಸಕರೊಬ್ಬರ ಕಣ್ಣು ಬಿತ್ತು. ತರಗತಿಯಲ್ಲಿ ತೋರಿಸುವುದಕ್ಕೊಂದು ಉದಾಹರಣೆ ಬೇಕಾಗಿ, ಅವರು ನಮ್ಮ ಖಿಡಕಿಗೆ ಚೀಟಿಯ ಮೇಲೆ ಚೀಟಿ ಕಳಿಸಿದರು. ಆ ಒಂದು ದಿನ ಒಂದು ಊರಿಗೆ ನಲವತ್ತು ಸಲ ನೀರು ಬಿಟ್ಟದ್ದು ದಾಖಲಾಯಿತು. ನಾನು ಅದನ್ನು ಅಳಿಸಲು ಹೊರಟೆ. ದೇಸಾಯಿ ಸಾಹೇಬರು ಮಾತ್ರ ಪರದೆ ನೋಡಿ ಕುರ್ಚಿಗೆ ಒರಗಿದರು.

"ಭಾಳ ಛಲೋ ಆಗ್ಯದ ನೋಡು. ಇಷ್ಟು ನೀರು ನಾವು ಎಂದೂ ಬಿಟ್ಟಿದ್ದಿಲ್ಲ."

ಆ ಅಂಕಿಯನ್ನು ಅವರು ವಾರ್ಷಿಕ ಸಭೆಯಲ್ಲಿ ಓದಿದರು. ಸಭೆ ಚಪ್ಪಾಳೆ ತಟ್ಟಿತು. ಆ ಊರಿನವರು ಸಭೆಗೆ ಬಂದಿರಲಿಲ್ಲ; ನೀರಿಗಾಗಿ ಕೊಡ ಹಿಡಿದು ನಿಂತಿದ್ದರೆಂದು ಆಮೇಲೆ ತಿಳಿಯಿತು.

ನಂತರ ಪಾಸ್‌ವರ್ಡ್ ಇಟ್ಟೆ. ಇಟ್ಟ ಪಾಸ್‌ವರ್ಡುಗಳನ್ನೆಲ್ಲ ಇದ್ದ ಹಾಗೇ ಕಪಾಟಿನಲ್ಲಿ ಬರೆದಿಟ್ಟೆ. ಅನ್ವರ್ ಒಂದು ದಿನ ಅದನ್ನು ತೆರೆದು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ.

"ಚಾಚಾ, ಇದೇನ್ರೀ? ಮನೀಗಿ ಕೀಲಿ ಹಾಕಿ, ಕೀಲಿಕೈ ಬಾಗಲಿಗೇ ತೂಗಹಾಕೀರಲ್ಲ!"

"ಯಾರು ನೋಡ್ತಾರೋ?"

"ನಾ ನೋಡ್ಲಿಕತ್ತೀನಲ್ರೀ! ಅರ್ಧ ಮಂದಿ ಊರ ದೇವರ ಹೆಸರು ಇಟ್ಟಾರ. ದೇಸಾಯಿ ಸಾಹೇಬ್ರು ತಮ್ಮ ಹೆಸರೇ ಇಟ್ಕೊಂಡಾರ. ತೌಬಾ!"

ಆಗ ಕಲಿತ ಪಾಠ ಇದು. ಜೋಳವನ್ನು ಬೀಸಿದರೆ ಹಿಟ್ಟಾಗುತ್ತದೆ. ಹಿಟ್ಟಿನಿಂದ ಜೋಳವನ್ನು ಮರಳಿ ಪಡೆಯಲಾಗದು. ಪಾಸ್‌ವರ್ಡನ್ನು ಬೀಸಿ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳಬೇಕು. ವ್ಯಕ್ತಿ ಮತ್ತೆ ಬಂದಾಗ ಅವನು ತಂದದ್ದನ್ನೂ ಬೀಸಿ, ಹಿಟ್ಟಿಗೆ ಹಿಟ್ಟು ತಾಳೆ ನೋಡಬೇಕು. ಈ ಸಂಗತಿಯನ್ನು ಪುಸ್ತಕಗಳು ಮೂವತ್ತು ಪುಟ ಹೇಳುತ್ತವೆ. ಗಿರಣಿಯಲ್ಲಿ ಸರದಿಗೆ ಕುಳಿತವರಿಗೆ ಒಂದು ಮಾತು ಸಾಕು.

ಪಾಸ್‌ವರ್ಡನ್ನು ಪ್ರತಿ ಸಲವೂ ಕೇಳುವುದಕ್ಕಾಗುವುದಿಲ್ಲ. ಒಮ್ಮೆ ಕೇಳಿ, ಸರಿಯಿದ್ದರೆ ಒಂದು ಟೋಕನ್ ಕೊಡಬೇಕು. ಮುಂದೆ ಅದನ್ನು ತೋರಿಸಿದವರಿಗೆ ಖಿಡಕಿ ತೆರೆಯಬೇಕು. ಇದನ್ನು ಹೊಸ ಕಾಲದ ಶೋಧವೆಂದು ಹೇಳುವವರನ್ನು ನಾನು ನಂಬುವುದಿಲ್ಲ. ನನ್ನ ಸೋದರಮಾವ ವಾಡಿ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ. ಒಂಟಿ ಹಳಿಯ ಮಾರ್ಗದಲ್ಲಿ ಗಾಡಿ ಮುಂದೆ ಹೋಗಬೇಕಾದರೆ, ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಒಂದು ಲೋಹದ ಗುಂಡನ್ನು ಡ್ರೈವರನ ಕೈಗೆ ಕೊಡುತ್ತಿದ್ದರು. ಅದಕ್ಕೂ ಟೋಕನ್ ಎಂದೇ ಹೆಸರು. ಅದು ಕೈಯಲ್ಲಿದ್ದವನಿಗೆ ದಾರಿ. ಇಲ್ಲದವನು ಎಷ್ಟು ಕೂಗಿದರೂ ನಿಂತಿರಬೇಕು. ನಾನು ಹತ್ತು ವರ್ಷದವನಿದ್ದಾಗ ಕೇಳಿದ್ದೆ:

"ಡ್ರೈವರ್ ಯಾರು ಅಂತ ಯಾರೂ ನೋಡೂದಿಲ್ಲೇನು ಮಾಮಾ?"

"ಗುಂಡು ನೋಡ್ತಾರಲೇ. ಮಾರಿ ನೋಡೂದಿಲ್ಲ."

ಮಾರಿ ಎಂದರೆ ಮುಖ. ಆ ಮಾತಿನ ಮೊದಲ ಅರ್ಧ ನನಗೆ ಕೂಡಲೇ ತಿಳಿಯಿತು. ಎರಡನೆಯ ಅರ್ಧಕ್ಕೆ ಐವತ್ತು ವರ್ಷ ಹಿಡಿಯಿತು.

ಟೋಕನ್ ಹದಿನೈದು ನಿಮಿಷಕ್ಕೆ ಸಾಯಬೇಕೆಂದು ಪುಸ್ತಕ ಹೇಳಿತ್ತು. ಪುಸ್ತಕ ಬರೆದವರು ಚಿಂಚೋಳಿ ಭಾಗದ ಚಂದ್ರಂಪಳ್ಳಿಯ ಕಡೆ ಬಂದವರಲ್ಲ. ಅಲ್ಲಿ ಟಾಕಿ ತಗ್ಗಿನಲ್ಲಿ, ಸಿಗ್ನಲ್ ದಿಬ್ಬದ ಮೇಲೆ. ವಾಲ್ವ್ ತಿರುಗಿಸಿ, ಫೋನಿನಲ್ಲಿ ತುಂಬಿ, ದಿಬ್ಬ ಹತ್ತಿ ಕಳಿಸುವಷ್ಟರಲ್ಲಿ ಟೋಕನ್ ತೀರಿಕೊಂಡಿರುತ್ತಿತ್ತು. ಒಂದು ಮಧ್ಯಾಹ್ನ ಕಚೇರಿಗೆ ಫೋನ್ ಬಂತು. ಹೆಣ್ಣುದನಿ.

"ಕಾಕಾ, ಈ ಆ್ಯಪ್ ಮಾಡ್ದವ್ರು ನೀವೇ ಏನ್ರೀ?"

"ಹೌದ್ರಿ."

"ನೀವು ಒಮ್ಮೆ ಬಂದು ಈ ದಿಬ್ಬ ಹತ್ರಿ. ದಿನಾ ಮೂರು ಸಲ ಹತ್ಲಿಕತ್ತೀನಿ. ನೀರು ಬಿಡೂದು ಸಸಾರ ಆಗ್ಯದ, ಬಿಟ್ಟೀನಂತ ಹೇಳೂದೇ ಭಾರ ಆಗ್ಯದ."

ಹೋದೆ. ನಲವತ್ತರ ಆಸುಪಾಸಿನ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿ ಟಾಕಿಯ ಬುಡದಲ್ಲಿ ನಿಂತಿದ್ದಳು. ನಮ್ಮ ಪಟ್ಟಿಯ ಪ್ರಕಾರ ಆ ಊರಿನ ವಾಲ್‌ಮನ್‌ನ ಹೆಸರು ಮೊಗಲಪ್ಪ.

"ಮೊಗಲಪ್ಪ ಎಲ್ಲವ್ವಾ?"

"ಭಾವ ಟಂಟಂ ಆಟೋ ಹೊಡೀತಾರ್ರಿ, ಚಿಂಚೋಳಿ–ಸೇಡಂ. ನಾ ಅವರ ತಮ್ಮನ ಹೆಣ್ತಿ, ನರಸಮ್ಮ. ಟಾಕಿ ಕಟ್ಟಿದಾಗಿಂದ ನೀರು ನಾನೇ ಬಿಡ್ತೀನಿ."

"ಮತ್ತ ಆ್ಯಪ್‌ನಾಗ ಮೊಗಲಪ್ಪ ಅಂತ ಬರ್ತದಲ್ಲ?"

"ಮನ್ಯಾಗ ನರಸಮ್ಮ, ಆ್ಯಪ್‌ನಾಗ ಮೊಗಲಪ್ಪ. ಪಾಸ್‌ವರ್ಡ್ ಭಾವನೇ ಬರ್ಕೊಟ್ಟಾರ."

ನಮ್ಮ ಭಾಗದಲ್ಲಿ ಇದು ಹೊಸದಲ್ಲ. ಇದಕ್ಕೆ ಬದಲಿ ಎನ್ನುತ್ತಾರೆ. ಶಹಾಬಾದ್, ವಾಡಿಯ ಕಾರ್ಖಾನೆಗಳಲ್ಲಿ ಬದಲಿ ಕೆಲಸಗಾರರ ಪಟ್ಟಿಯೇ ಇರುತ್ತಿತ್ತು: ಖಾಯಂ ಆದವನು ಬಾರದ ದಿನ ಬದಲಿಯವನು ಒಳಗೆ ಹೋಗುವುದು. ಹಳ್ಳಿಗಳಲ್ಲಿ ಪಟ್ಟಿ ಇಲ್ಲ, ಮನೆ ಇದೆ. ಕೆಲಸ ಹೆಸರಿಗೆ ಒಬ್ಬರದು, ಮೈಗೆ ಇನ್ನೊಬ್ಬರದು. ಇದು ಸುತ್ತಲಿನ ಐದೂರಿಗೂ ಗೊತ್ತಿತ್ತು. ನನ್ನ ಖಿಡಕಿಗೆ ಮಾತ್ರ ಗೊತ್ತಿರಲಿಲ್ಲ.

ನರಸಮ್ಮ ವಾಲ್ವಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು: "ಕಾಕಾ, ನನ್ನ ಹೆಸರು ಹಾಕ್ಲಿಕ್ಕ ಬರ್ತದೇನ್ರಿ ಅದ್ರಾಗ?"

ಇಲ್ಲಿ ನಾನು ಮಾಡಿದ್ದನ್ನು ನೇರವಾಗಿ ಬರೆಯುತ್ತೇನೆ. ಆಗಷ್ಟೇ ಭದ್ರತೆಯ ಅಧ್ಯಾಯವನ್ನು ಓದಿ ಮುಗಿಸಿದ್ದೆ. ತಡವಾಗಿ ಓದಿದವನ ಅಹಂಕಾರ ಬೇರೆಯೇ ಇರುತ್ತದೆ. "ಒಂದು ಹುದ್ದೆಗೆ ಒಂದೇ ಹೆಸರು. ಎರಡು ಹಾಕಿದ್ರ ಸೆಕ್ಯೂರಿಟಿ ಉಳಿಯೂದಿಲ್ಲ" ಎಂದೆ.

"ಸೆಕ್ಯೂರಿಟಿ ಅಂದ್ರ ಏನ್ರಿ?"

"ಬ್ಯಾರೆಯವರು ಒಳಗ ಬರದಂಗ ನೋಡೂದು."

"ನಾ ಬ್ಯಾರೆಯವಳೇನು?"

ನಾನು ದಿಬ್ಬದ ಕಡೆ ನೋಡಿ, ಟೋಕನ್ನಿನ ಆಯುಷ್ಯ ಹೆಚ್ಚಿಸುತ್ತೇನೆಂದು ಹೇಳಿ, ಚಹಾ ಕುಡಿದು ಬಂದೆ.

ಆಯುಷ್ಯ ಹೆಚ್ಚಿಸಿದ್ದು ಹೇಗೆಂದರೆ, ಟೋಕನ್ ಸಾಯುವುದನ್ನೇ ನಿಲ್ಲಿಸಿಬಿಟ್ಟೆ. ಚಿರಂಜೀವಿ ಟೋಕನ್. ಕೆಲವು ತಿಂಗಳ ನಂತರ ಶಹಾಬಾದ್ ಕಡೆಯ ಒಂದು ಊರಿನಲ್ಲಿ ದಿನಕ್ಕೆರಡು ಸಲ ನೀರು ಬಿಟ್ಟದ್ದು ದಾಖಲಾಗತೊಡಗಿತು. ಒಂದು ಬೆಳಗ್ಗೆ ಆರಕ್ಕೆ, ಇನ್ನೊಂದು ಎಂಟಕ್ಕೆ. ಆರರದ್ದು ವಾಲ್‌ಮನ್‌ನದು. ಎಂಟರದ್ದು ಯಾರದೆಂದು ಹುಡುಕುತ್ತ ಹೋದರೆ, ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಒಬ್ಬ ಸಭ್ಯ ಮನುಷ್ಯ ಸಿಕ್ಕಿದ. ವಾಲ್‌ಮನ್ ತನ್ನ ಹಳೆಯ ಫೋನನ್ನು ಅವನಿಗೆ ಮಾರಿದ್ದ. ಫೋನಿನೊಳಗೆ ಆ್ಯಪ್ ಇತ್ತು, ಆ್ಯಪಿನೊಳಗೆ ನನ್ನ ಚಿರಂಜೀವಿ.

"ಎದಕ್ಕ ಒತ್ತಿದ್ಯಪ್ಪಾ ಅದನ್ನ?" ಎಂದೆ.

"ಅದು ದಿನಾ ಕೇಳ್ತದ್ರಿ, ನೀರು ಬಿಟ್ಟಿರೇನು ಅಂತ. ಮನ್ಯಾಗ ನಳ ಬಿಟ್ಟಿರ್ತೀನಿ, ಹೌದು ಅಂತ ಒತ್ತೀನಿ. ಕೇಳಿದ್ದಕ್ಕ ಉತ್ತರ ಕೊಡಬೇಕಲ್ರಿ?"

ನನ್ನ ಇಡೀ ವೃತ್ತಿಯಲ್ಲಿ ನನ್ನ ಆ್ಯಪಿಗೆ ಇಷ್ಟು ಗೌರವ ಕೊಟ್ಟವನು ಅವನೊಬ್ಬನೇ. ನಂತರ ನಡುವಿನ ದಾರಿ ಹಿಡಿದೆವು: ಟೋಕನ್ ಬೇಗ ಸಾಯಲಿ, ಅದನ್ನು ಹೊಸದು ಮಾಡಿಕೊಳ್ಳುವುದಕ್ಕೆ ಇನ್ನೊಂದು ದೀರ್ಘಾಯುಷ್ಯದ ಚೀಟಿ ಫೋನಿನಲ್ಲಿರಲಿ, ಫೋನು ಕೈ ಬದಲಾದರೆ ಆ ಚೀಟಿಯನ್ನು ಇಲ್ಲಿಂದಲೇ ರದ್ದು ಮಾಡುವ ಅಧಿಕಾರ ನಮಗಿರಲಿ. ಸಿಗ್ನಲ್ ಇಲ್ಲದಾಗ ಬರೆದದ್ದನ್ನು ಫೋನು ತನ್ನಲ್ಲೇ ಇಟ್ಟುಕೊಂಡು ಸಿಗ್ನಲ್ ಬಂದಾಗ ತಾನೇ ಕಳಿಸುವಂತೆ ಅನ್ವರ್ ಮಾಡಿದ. ನರಸಮ್ಮ ದಿಬ್ಬ ಹತ್ತುವುದು ತಪ್ಪಿತು. ಹೆಸರು ಮಾತ್ರ ಮೊಗಲಪ್ಪನದೇ ಉಳಿಯಿತು.

ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ದೇಸಾಯಿ ಸಾಹೇಬರು ಒಂದು ಕೊರತೆಯನ್ನು ಕಂಡುಹಿಡಿದರು.

"ಇದ್ರಾಗ ಷರಾ ಕಾಲಂ ಎಲ್ಲದ?"

ಷರಾ ಎಂದರೆ ಕಚೇರಿಯ ಪ್ರತಿಯೊಂದು ರಿಜಿಸ್ಟರಿನ ಬಲತುದಿಯಲ್ಲಿ, ವಿಶೇಷವೇನಾದರೂ ಇದ್ದರೆ ಬರೆಯಲೆಂದು ಬಿಟ್ಟಿರುವ ಕಾಲಂ. ಅದರಲ್ಲಿ ಯಾರೂ ಏನನ್ನೂ ಬರೆಯುವುದಿಲ್ಲ. ಬರೆದರೂ ಯಾರೂ ಓದುವುದಿಲ್ಲ.

"ಎದಕ್ಕ ಬೇಕ್ರಿ ಸಾಹೇಬ್ರ? ಯಾರು ಓದ್ತಾರ?"

"ಓದೂದು ಬ್ಯಾರೆ ಮಾತು. ಷರಾ ಇಲ್ಲದ ರಿಜಿಸ್ಟರ್ ರಿಜಿಸ್ಟರೇನು?"

ಸಿಟ್ಟಿಗೆ ಷರಾವನ್ನು ಕಡ್ಡಾಯ ಮಾಡಿದೆ. ಅದನ್ನು ತುಂಬದಿದ್ದರೆ ದಾಖಲೆ ಮುಂದೆ ಹೋಗುವುದಿಲ್ಲ. ವಾಲ್‌ಮನ್‌ಗಳು ಎರಡೇ ದಿನದಲ್ಲಿ ಪರಿಹಾರ ಕಂಡುಕೊಂಡರು: ಅವರೇ ಹೇಳಿಕೊಂಡಂತೆ, ಎಲ್ಲರೂ ಒಂದು ಚುಕ್ಕೆ ಒತ್ತಿ ಕಳಿಸತೊಡಗಿದರು. ಅದೇ ಸಿಟ್ಟಿನಲ್ಲಿ ನಾನು ಇನ್ನೊಂದು ತಪ್ಪನ್ನೂ ಮಾಡಿದೆ. ಷರಾವನ್ನು ಒಳಗೆ ತೆಗೆದುಕೊಂಡು ಕಪಾಟಿನಲ್ಲಿಡುವುದನ್ನು ಬರೆದೆ. ಕೇಳಿದವರಿಗೆ ತೆಗೆದುಕೊಡುವ ಸಾಲಿನಲ್ಲಿ ಅದನ್ನು ಸೇರಿಸುವುದನ್ನು ಮರೆತೆ. ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ. ಕಚೇರಿಯ ಪರದೆಯ ಮೇಲೆ ಷರಾ ಕಾಲಂ ಖಾಲಿಯಾಗಿಯೇ ಕಾಣುತ್ತಿತ್ತು. ಸಾಹೇಬರು ಖಾಲಿ ಕಾಲಮನ್ನು ನೋಡಿ ತೃಪ್ತರಾದರು. ಷರಾ ಖಾಲಿ ಇರುವುದೇ ವಾಡಿಕೆಯಾದ್ದರಿಂದ, ನಾಲ್ಕು ವರ್ಷ ಯಾರಿಗೂ ಸಂಶಯ ಬರಲಿಲ್ಲ, ನನಗೂ.

ನನ್ನ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಒಕ್ಕೂಟ ಒಂದು ನಿರ್ಣಯ ಮಾಡಿತು. ದಾಖಲೆಯಲ್ಲಿ ಎಡೆಬಿಡದೆ ಕೆಲಸ ಮಾಡಿದ್ದು ಕಾಣುವ ವಾಲ್‌ಮನ್‌ಗಳನ್ನು ಖಾಯಂ ಮಾಡುವುದು. ಅಂದಿನಿಂದ ಹೆಸರಿದ್ದವರೇ ಬಂದು ಬೆರಳು ಒತ್ತಬೇಕು, ಬದಲಿ ಇಲ್ಲ. ಪಟ್ಟಿ ನನ್ನ ಸರ್ವರಿನಿಂದಲೇ ಹೊರಟಿತು. ಒಂದು ದಿನವೂ ತಪ್ಪದೆ ನೀರು ಬಿಟ್ಟವರಲ್ಲಿ ಮೊದಲನೆಯ ಹೆಸರು ಮೊಗಲಪ್ಪ. ಟಂಟಂ ಹೊಡೆದು ಸೊಂಟ ಹಿಡಿದಿದ್ದ ಮೊಗಲಪ್ಪನಿಗೂ ಕುಳಿತಲ್ಲಿಯ ಕೆಲಸ ಬೇಕಾಗಿತ್ತು. ಟಂಟಂ ಮಾರಿಬಿಟ್ಟ. ನರಸಮ್ಮನಿಗೆ ಮನೆಯಲ್ಲಿ ಒಂದೇ ಮಾತು ಹೇಳಿದನಂತೆ: "ಇನ್ನ ನೀ ಆರಾಮ್ ಮಾಡವ್ವಾ."

ಆಕೆ ಆರಾಮ ಮಾಡಲಿಲ್ಲ. ಸೇಡಂನಲ್ಲಿ ಸಮಿತಿಯ ಸಭೆ ಇದ್ದ ದಿನ ಬೆಳಗಿನ ಬಸ್ಸಿಗೇ ಬಂದು ಕಚೇರಿಯ ಕಟ್ಟೆಯ ಮೇಲೆ ಕುಳಿತಳು. ಮೊಗಲಪ್ಪನೂ ಬಂದ. ಇಬ್ಬರೂ ಒಂದೇ ಡಬ್ಬಿಯಿಂದ ಬುತ್ತಿ ಉಂಡದ್ದನ್ನು ನಾನೇ ನೋಡಿದೆ. ಉಂಡಾದ ಮೇಲೆ ಒಳಗೆ ಬಂದು ಎದುರುಬದುರು ನಿಂತರು.

ಅಧ್ಯಕ್ಷರು ಪ್ರತಿ ಬಸವ ಜಯಂತಿಗೂ ಕಾಯಕದ ಮೇಲೆ ಒಂದು ಗಂಟೆ ಮಾತಾಡುವವರು. ಅಂದು ಗಡಿಯಾರ ನೋಡುತ್ತಿದ್ದರು.

"ಏನಪ್ಪಾ ಮೊಗಲಪ್ಪ, ನೀರು ಯಾರು ಬಿಡ್ತಿದ್ರು?"

"ಹೆಸರು ನಂದ್ರಿ ಅಧ್ಯಕ್ಷರ. ಕೆಲಸ ಮನೀದು. ಮನೀ ನಂದೇ."

"ನೀ ಏನಂತೀ ತಾಯಿ?"

"ನಾ ಬಿಟ್ಟೀನ್ರಿ. ಊರಾಗ ಯಾರನ್ನರೆ ಕೇಳ್ರಿ."

ಸಲಹಾ ಸಂಸ್ಥೆಯಿಂದ ಬಂದಿದ್ದ ತರುಣ ತಜ್ಞರೊಬ್ಬರು ಗಂಟಲು ಸರಿಪಡಿಸಿಕೊಂಡರು. ಊರವರ ಮಾತು ದಾಖಲೆಯಲ್ಲ. ಪಾಸ್‌ವರ್ಡ್ ಮತ್ತು ಟೋಕನ್ ದಾಟಿ ಬಂದ ದಾಖಲೆಯನ್ನು ಯಾರೂ ಅಲ್ಲಗಳೆಯಲಾಗದು. ಅದು ವ್ಯವಸ್ಥೆಯ ಮೂಲತತ್ತ್ವ ಎಂದು ವಿವರಿಸಿದರು. ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ವೀರಣ್ಣ, ಇದು ನೀ ಕಟ್ಟಿದ್ದೇ ಅಲ್ಲೇನು? ಖರೇ ಅದನೋ ಸುಳ್ಳದನೋ ಹೇಳು."

ಖರೇ ಎಂದರೆ ಆಕೆ ಹೋಗುತ್ತಾಳೆ. ಸುಳ್ಳು ಎಂದರೆ ನನ್ನ ಅಷ್ಟೂ ವರ್ಷಗಳ ಕೆಲಸ ಹೋಗುತ್ತದೆ. ನಾನು ಧೀರನಂತೆ ಎದ್ದುನಿಂತು ಸತ್ಯ ಹೇಳಿದೆನೆಂದು ಬರೆದುಕೊಳ್ಳಬಹುದಿತ್ತು. ಸಂಚಿಕೆಯವರು ಹಾಗೇ ಬರೆದಿದ್ದಾರೆ. ನಾನು ಹೇಳಿದ್ದು ಇಷ್ಟೇ: "ನರಸಮ್ಮ, ನೀ ಬಿಟ್ಟಿದ್ದಕ್ಕ ಏನರೆ ಬರವಣಿಗೆ ಅದನೇನವ್ವಾ?" ಎಂದರೆ, ಭಾರವನ್ನು ಆಕೆಯ ತಲೆಗೇ ಹೊರಿಸಿದೆ.

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ದಿನಾ ಬರ್ದೀನಲ್ರಿ ಕಾಕಾ. ನೀವು ಓದಿಲ್ಲೇನು?"

"ಎಲ್ಲಿ?"

"ಷರಾದಾಗ."

ನಾನು ಪರದೆ ನೋಡಿದೆ. ಕಾಲಂ ಖಾಲಿ. ತಜ್ಞರು ಮುಗುಳ್ನಕ್ಕರು. ಮೊಗಲಪ್ಪ ಕುರ್ಚಿ ಎಳೆದುಕೊಂಡ. ಆಗ ನನಗೆ ನಾಲ್ಕು ವರ್ಷದ ಹಿಂದಿನ ಆ ಸಿಟ್ಟು, ಬರೆಯದೆ ಬಿಟ್ಟ ಆ ಸಾಲು ನೆನಪಾದವು. "ಅನ್ವರ್, ಖಿಡಕಿ ಬ್ಯಾಡ, ಸೀದಾ ಕಪಾಟು ತೆಗಿ" ಎಂದೆ. ಅವನು ಡೇಟಾಬೇಸನ್ನೇ ತೆರೆದು, ಆ ಊರಿನ ಷರಾಗಳನ್ನೆಲ್ಲ ಮೊದಲ ದಿನದಿಂದ ಸಾಲಾಗಿ ತಂದು ನಿಲ್ಲಿಸಿದ. ಮೊದಲನೆಯದನ್ನು ಕಣ್ಣಿನಲ್ಲೇ ಓದಿ ನನ್ನ ಮುಖ ನೋಡಿದ.

"ಚಾಚಾ, ಓದ್ಲ್ಯಾ? ನಿಮ್ಮ ಹೆಸರು ಅದ."

"ಓದು."

"'ವೀರಣ್ಣ ಕಾಕಾ ನನ್ನ ಹೆಸರು ಹಾಕ್ಲಿಕ್ಕ ಬರೂದಿಲ್ಲ ಅಂದ್ರು. ಈಗ ಬರೀಲಿಕ್ಕ ಜಾಗ ಕೊಟ್ಟಾರ. ಇವತ್ತ ನೀರು ಬಿಟ್ಟಾಕಿ ನರಸಮ್ಮ.'"

ಅನ್ವರ್ ಮುಂದುವರಿಸಿದ.

"'ನರಸಮ್ಮ. ಟಾಕಿ ಅರ್ಧ ತುಂಬ್ಯದ. ಕರೆಂಟ್ ಇದ್ದಿಲ್ಲ.' 'ನರಸಮ್ಮ. ಜ್ವರ ಬಂದದ. ಬಿಟ್ಟೀನಿ.' 'ನರಸಮ್ಮ. ಹಣಮಪ್ಪನ ಗುಡಿ ಹಿಂದ ಪೈಪ್ ಸೋರ್ಲಿಕತ್ತದ.' 'ನರಸಮ್ಮ. ಪೈಪ್ ಸೋರ್ಲಿಕತ್ತದ, ಮೂರನೇ ಸಲ ಬರೀಲಿಕತ್ತೀನಿ.' 'ನರಸಮ್ಮ. ಇದು ಯಾರರೆ ಓದ್ತೀರೇನು?' 'ನರಸಮ್ಮ. ಯಾರೂ ಓದಾಂಗಿಲ್ಲ ಅಂತ ಗೊತ್ತಾಯ್ತು. ಹಂಗಾರ ಹೇಳ್ತೀನಿ. ದೇಸಾಯಿ ಸಾಹೇಬ್ರು ಟಾಕಿ ನೋಡ್ಲಿಕ್ಕ ಬಂದಿದ್ರು. ಮ್ಯಾಲ ಹತ್ತಲಿಲ್ಲ. ಕೆಳಗ ನಿಂತು ಫೋಟೋ ಹೊಡಸ್ಕೊಂಡು ಹೋದ್ರು.'"

ದೇಸಾಯಿ ಸಾಹೇಬರು ಕನ್ನಡಕವನ್ನು ಒರೆಸತೊಡಗಿದರು. ಷರಾ ಕಾಲಂ ಬೇಕೇಬೇಕೆಂದು ಹಟ ಹಿಡಿದವರು ಅವರೇ ಎಂಬುದನ್ನು ಇಲ್ಲಿ ಗೌರವದಿಂದ ದಾಖಲಿಸುತ್ತೇನೆ.

ಮೊಗಲಪ್ಪ ಸೋಲಲಿಲ್ಲ. "ಬರೀಲಿಕ್ಕ ಏನ್ರಿ, ಯಾರರೆ ಬರೀತಾರ. ನಾನೂ ಭಾಳ ಸಲ ಬಿಟ್ಟೀನಿ."

"ಹೌದ್ರಿ, ಒಂದು ಸಲ ಬಿಟ್ಟಾರ" ಎಂದಳು ನರಸಮ್ಮ. "ಅದೂ ಬರ್ದೀನಿ. ಸುಳ್ಳ್ಯಾಕ?"

ಅನ್ವರ್ ಹುಡುಕಿದ. ಸಿಕ್ಕಿತು.

"'ನರಸಮ್ಮ. ಇವತ್ತ ಭಾವ ತಾವೇ ಬಿಡ್ತೀನಂತ ಬಂದ್ರು. ವಾಲ್ವ್ ಯಾವ ಕಡಿ ತಿರುಗಿಸಬೇಕಂತ ಕೇಳಿದ್ರು. ತೋರ್ಸೀನಿ. ಬಿಗಿ ಅದ ಅಂದ್ರು. ಆಮ್ಯಾಲ ನಾನೇ ಬಿಟ್ಟೀನಿ.'"

ಮೊದಲು ನಕ್ಕವನು ಮೊಗಲಪ್ಪನೇ. ಅವನು ಕೆಟ್ಟವನಲ್ಲ. "ಖರೇನೇ ಭಾಳ ಬಿಗಿ ಅದ್ರಿ ಅದು" ಎಂದು ಅಧ್ಯಕ್ಷರಿಗೆ ಕೈಯಿಂದ ತಿರುಗಿಸಿ ತೋರಿಸಿದ. ತಪ್ಪು ಕಡೆಗೆ ತಿರುಗಿಸಿದ.

ತಜ್ಞರು ಮಾತ್ರ ಪಟ್ಟು ಬಿಡಲಿಲ್ಲ. ಹಾಗಾದರೆ ದಾಖಲೆ ಸುಳ್ಳು ಹೇಳಿತೇ ಎಂದು ನನ್ನನ್ನು ಕೇಳಿದರು. ಇಲ್ಲ, ನಾವು ಕೇಳಿದ್ದಕ್ಕೆ ಅದು ಸರಿಯಾಗಿಯೇ ಉತ್ತರಿಸಿತ್ತು. ಯಾವ ಗುಂಡು ಬಂತೆಂದು ಕೇಳಿದ್ದೆವು. ಮೊಗಲಪ್ಪನ ಗುಂಡು ಬಂತೆಂದು ಹೇಳಿತು. ತಂದವರ ಮಾರಿಯನ್ನು ನೋಡಬೇಕಾದವನು ನಾನಾಗಿದ್ದೆ. ಊರಿಗೇ ಹೋಗಿ, ನೋಡಿ, ಚಹಾ ಕುಡಿದು ಬಂದಿದ್ದೆ. ಇದನ್ನು ಅಂದು ಸಭೆಯಲ್ಲಿ ಹೇಳಿದೆ. ಹೇಳುವಾಗ ದನಿ ನಡುಗಿತು. ಸಂಚಿಕೆಯಲ್ಲಿ ನನ್ನ ದನಿ "ಗಂಭೀರವಾಗಿತ್ತು" ಎಂದಿದೆ.

ಆದೇಶ ಕೂಡಲೇ ಬರಲಿಲ್ಲ. ಸಮಿತಿಗಳು ಹಾಗೆ ಕೆಲಸ ಮಾಡುವುದಿಲ್ಲ. ನನ್ನಿಂದ ಲಿಖಿತ ಹೇಳಿಕೆ ಕೇಳಿದರು. ಬರೆದುಕೊಟ್ಟೆ: "ಈ ದಾಖಲೆಯಲ್ಲಿ ಸದರಿ ಊರಿನ ಮುಂದೆ ಮೊಗಲಪ್ಪ ಎಂದಿರುವಲ್ಲೆಲ್ಲ ನರಸಮ್ಮ ಎಂದು ಓದಿಕೊಳ್ಳತಕ್ಕದ್ದು. ದೋಷವು ದಾಖಲೆಯನ್ನು ರೂಪಿಸಿದವನದು." ನನ್ನ ಜೀವಮಾನದಲ್ಲಿ ನಾನು ಬರೆದ ಎಲ್ಲ ಪ್ರೋಗ್ರಾಮುಗಳಿಗಿಂತ ಆ ಎರಡು ವಾಕ್ಯಗಳು ಸರಿಯಾಗಿ ಕೆಲಸ ಮಾಡಿದವು. ಒಂದೂವರೆ ತಿಂಗಳ ನಂತರ ಆದೇಶ ನರಸಮ್ಮನ ಹೆಸರಿಗೆ ಬಂತು. ಗುಡಿ ಹಿಂದಿನ ಪೈಪನ್ನೂ ರಿಪೇರಿ ಮಾಡಿದರು. ಮೊಗಲಪ್ಪ ಇನ್ನೊಂದು ಟಂಟಂ ತೆಗೆದುಕೊಂಡ. ಸೀಟಿಗೆ ಮೆತ್ತನೆಯ ಗಾದಿ ಹಾಕಿಸಿದ್ದಾನೆ.

ಉಳಿದಿದ್ದ ದಿನಗಳಲ್ಲಿ ನಾನು ಎರಡು ಕೆಲಸ ಮಾಡಿದೆ. ಹುದ್ದೆಗೆ ಹೆಸರು ಎಂಬುದನ್ನು ತೆಗೆದು, ವಾಲ್ವ್ ಮುಟ್ಟುವ ಪ್ರತಿಯೊಬ್ಬರಿಗೂ ಅವರವರದೇ ಖಾತೆ ಕೊಟ್ಟೆ. ಬದಲಿ ಬಂದರೆ ಬದಲಿ ಎಂದೇ, ತನ್ನ ಹೆಸರಿನಲ್ಲೇ ಬರಲಿ; ಖಾಯಂ ಆದವರಿಗೂ ಜ್ವರ ಬರುತ್ತದೆ ಎಂದು ಸಮಿತಿಯನ್ನು ಒಪ್ಪಿಸಿದೆ. ಇದಕ್ಕೆ ಮೂರು ವಾರ ಹಿಡಿಯಿತು. ಎರಡನೆಯದು, ಷರಾವನ್ನು ಹೊರಗೆ ಕಳಿಸುವ ಆ ಸಾಲು. ಅದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ನೀವು ಕಟ್ಟುವ ಖಿಡಕಿಗಳು ನನ್ನದಕ್ಕಿಂತ ಗಟ್ಟಿಯಾಗಿರುತ್ತವೆ. ಅದರಲ್ಲಿ ನನಗೆ ಸಂಶಯವಿಲ್ಲ, ನನ್ನದು ಅಷ್ಟೊಂದು ಸಡಿಲವಾಗಿತ್ತು. ಗಟ್ಟಿಯಾದಷ್ಟೂ ಹೊರಗೆ ನಿಂತವರನ್ನು ಒಮ್ಮೆ ಎದ್ದುಹೋಗಿ ನೋಡಿ ಬನ್ನಿ. ಹೋದಾಗ ಚಹಾ ಕುಡಿಯಿರಿ, ಬೇಡವೆನ್ನುವುದಿಲ್ಲ. ಆಕೆ ಕೇಳಿದ್ದಕ್ಕೆ ಉತ್ತರ ಕೊಟ್ಟು ಕುಡಿಯಿರಿ.

ನನ್ನ ಸೇವೆಯ ಕೊನೆಯ ದಿನ ಬೆಳಗ್ಗೆ, ಹಾರ–ಶಾಲು ಬರುವ ಮೊದಲು, ಪರದೆ ತೆರೆದು ಕುಳಿತೆ. ಹೊಸ ಖಾತೆಗಳ ಮೊದಲ ದಿನ. ಷರಾ ಕಾಲಂ ಈಗ ಎಲ್ಲರಿಗೂ ಕಾಣುತ್ತಿತ್ತು. ಚಂದ್ರಂಪಳ್ಳಿ ಕಡೆಯ ದಾಖಲೆ ಆರೂಕಾಲಿಗೆ ಬಂತು. ಆಕೆ ಏನು ಬರೆದಿರಬಹುದೆಂದು ನಾನು ಕನ್ನಡಕ ಏರಿಸಿಕೊಂಡೆ. ಹೆಗಲ ಮೇಲಿಂದ ಬಗ್ಗಿ ನೋಡಿದ ಅನ್ವರ್ ನಕ್ಕ.

"ಚಾಚಾ, ಅಕ್ಕಾನೂ ಎಲ್ಲಾರಂಗ ಆದ್ಲಲ್ರಿ."

ಎಡತುದಿಯ ಮೊದಲ ಕಾಲಮಿನಲ್ಲಿ ನರಸಮ್ಮ ಎಂದಿತ್ತು. ಬಲತುದಿಯ ಷರಾದಲ್ಲಿ ಒಂದು ಚುಕ್ಕೆ.